ಬದನೆಯ ಬಳಗಕ್ಕೆ ಬಂದ ಹೊಸಬರು

ತರಕಾರಿ ಬುಟ್ಟಿಯಲ್ಲಿ ಬದನೆಕಾಯಿ, ಟೊಮೆಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ ಒಂದರ ಮಗ್ಗುಲಲ್ಲಿ ಒಂದು ಕುಳಿತಿರುವುದನ್ನು ನಾವು ದಿನವೂ ಕಾಣುತ್ತೇವೆ. ಬಣ್ಣ ಬೇರೆ, ಆಕಾರ ಬೇರೆ. ರುಚಿಯಲ್ಲಂತೂ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಒಂದು ನೆಲದೊಳಗಿನ ಗೆಡ್ಡೆ, ಉಳಿದವು ಗಿಡದಲ್ಲಿ ತೂಗುವ ಕಾಯಿ. ಆದರೆ ಈ ನಾಲ್ಕು ಗಿಡಗಳ ಹೂಗಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿ. ಬುಡದಲ್ಲಿ ಕೂಡಿಕೊಂಡು ತುದಿಯಲ್ಲಿ ನಕ್ಷತ್ರದಂತೆ ಬಿಚ್ಚಿಕೊಂಡ ದಳಗಳು, ನಡುವೆ ಒತ್ತಾಗಿ ನಿಂತ ಕೇಸರಗಳು, ಹೂ ಬಾಡಿದ ಮೇಲೂ ಕಾಯಿಯ ತೊಟ್ಟಿನಲ್ಲಿ ಉಳಿಯುವ ಹಸಿರು ಟೊಪ್ಪಿಗೆ. ಒಂದೇ ಮನೆತನದ ಮಕ್ಕಳ ಮುಖಗಳಲ್ಲಿ ಕಾಣುವಂಥ ಹೋಲಿಕೆ ಅಲ್ಲಿ ಎದ್ದು ಕಾಣುತ್ತದೆ. ಸಸ್ಯಶಾಸ್ತ್ರಜ್ಞರು ಈ ಮನೆತನವನ್ನು ಸೊಲನೇಸಿ ಎಂದು ಕರೆಯುತ್ತಾರೆ. ನಾವು ಬದನೆಯ ಕುಟುಂಬ ಎನ್ನೋಣ. ಹೊಗೆಸೊಪ್ಪು, ಉಮ್ಮತ್ತಿ, ಅಶ್ವಗಂಧ, ಗಣಿಕೆಸೊಪ್ಪು ಇವೂ ಇದೇ ಕುಟುಂಬದವು. ಊಟ, ಚಟ, ಔಷಧ, ವಿಷ ಈ ನಾಲ್ಕನ್ನೂ ಮನುಷ್ಯನಿಗೆ ಒಟ್ಟಿಗೇ ಕೊಟ್ಟ ಕುಟುಂಬಗಳು ಸಸ್ಯಲೋಕದಲ್ಲಿ ಹೆಚ್ಚಿಲ್ಲ.

ಈ ಬಾಂಧವ್ಯವನ್ನು ಕಾಣಲು ಶಾಸ್ತ್ರಜ್ಞರೇ ಆಗಬೇಕೆಂದಿಲ್ಲ. ಟೊಮೆಟೊ ನಮ್ಮ ನಾಡಿಗೆ ಹೊರಗಿನಿಂದ ಬಂದ ಹಣ್ಣು. ಅದು ಬಂದಾಗ ಕನ್ನಡಿಗರು ಅದಕ್ಕೆ ಕೊಟ್ಟ ಹೆಸರುಗಳಲ್ಲಿ ಒಂದು ಚಪ್ಪರಬದನೆ. ಕೆಂಪಗೆ ಉರುಟಾದ ಆ ಹಣ್ಣಿನಲ್ಲಿ ಬದನೆಯನ್ನು ಕಂಡವರು ಹೂವನ್ನೋ ಎಲೆಯನ್ನೋ ನೋಡಿಯೇ ಕಂಡಿರಬೇಕು. ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ 1753ರಲ್ಲಿ ತಮ್ಮ ಮಹಾಗ್ರಂಥದಲ್ಲಿ ಬದನೆಯನ್ನೂ ಟೊಮೆಟೊವನ್ನೂ ಆಲೂಗಡ್ಡೆಯನ್ನೂ ಸೊಲಾನಮ್ ಎಂಬ ಒಂದೇ ಜಾತಿಯ ಕೆಳಗೆ ಸೇರಿಸಿದರು. ನಮ್ಮ ತೋಟಗಾರರು ಆಡುಮಾತಿನಲ್ಲಿ ಹೇಳಿದ್ದೂ ಅದನ್ನೇ.

ಇಷ್ಟು ಚಿರಪರಿಚಿತವಾದ ಕುಟುಂಬದಲ್ಲಿ ಹೊಸದಾಗಿ ಕಂಡುಹಿಡಿಯುವುದು ಇನ್ನೇನಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಲಿನ್ನೇಯಸ್ ತಮ್ಮ ಗ್ರಂಥದಲ್ಲಿ ಎಣಿಸಿದ ಸೊಲಾನಮ್ ಪ್ರಭೇದಗಳು 23. ನೂರು ವರ್ಷ ಕಳೆಯುವಷ್ಟರಲ್ಲಿ, 1852ರಲ್ಲಿ, ಫ್ರಾನ್ಸಿನ ಮಾಂಪೆಲಿಯೆ ನಗರದ ಮಿಷೆಲ್ ಫೆಲಿಕ್ಸ್ ದ್ಯುನಾಲ್ ಅದೇ ಜಾತಿಯ ಪಟ್ಟಿಯನ್ನು ಬರೆದಾಗ ಅದು ಒಂಬೈನೂರರ ಆಸುಪಾಸಿಗೆ ಬಂದಿತ್ತು. ಇಂದು ಸೊಲಾನಮ್ ಒಂದರಲ್ಲೇ 1,200ಕ್ಕೂ ಮೀರಿದ ಪ್ರಭೇದಗಳಿವೆ. ಸೇರ್ಪಡೆ ಇನ್ನೂ ನಿಂತಿಲ್ಲ. ಈ ಹೊಸಬರು ಯಾರು, ಅವರನ್ನು ಕಂಡುಹಿಡಿಯುವುದೆಂದರೇನು, ಕಂಡುಹಿಡಿದು ಹೆಸರಿಡುವುದರಿಂದ ಯಾರಿಗೆ ಏನು ಬಂತು ಎಂಬುದೇ ಇಂದಿನ ವಿಷಯ.

ಮೊದಲು ‘ಹೊಸದು’ ಎಂಬ ಮಾತಿನ ಬಗ್ಗೆಯೇ ಸ್ವಲ್ಪ ವಿಚಾರಿಸಬೇಕು. ಗಿಡ ಹೊಸದಾಗಿ ಹುಟ್ಟಿದ್ದಲ್ಲ. ಮನುಷ್ಯ ಆ ಬೆಟ್ಟದ ಮೇಲೆ ಕಾಲಿಡುವ ಮೊದಲೇ ಅದು ಅಲ್ಲಿ ಹೂ ಬಿಟ್ಟು ಕಾಯಿ ಕಟ್ಟುತ್ತಿತ್ತು. ಎಷ್ಟೋ ಸಲ ಅಲ್ಲಿನ ಜನಕ್ಕೂ ಅದು ಹಳೆಯ ಪರಿಚಯವೇ. ವಿಜ್ಞಾನದ ದಾಖಲೆಗೆ ಅದು ಹೊಸದು, ಅಷ್ಟೇ. ಜನರ ಪರಿಚಯ ದಾಖಲೆಗೆ ಸೇರುವ ಬಗೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ಮಲಬಾರಿನ ಸಸ್ಯಗಳ ಬಗ್ಗೆ ಹನ್ನೆರಡು ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಆ ಗ್ರಂಥಕ್ಕೆ ಗಿಡಗಳ ಗುಣವನ್ನು ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಅವರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಅದರ ಎರಡನೆಯ ಸಂಪುಟದಲ್ಲಿ ‘ಆನಚುಂಡ’, ‘ಚೆರುಚುಂಡ’ ಎಂಬ ಎರಡು ಗಿಡಗಳ ಚಿತ್ರಗಳಿವೆ. ಚುಂಡ ಎಂದರೆ ನಮ್ಮ ಸುಂಡೆಯ ನಂಟಿನ ಮಾತು. ಒಂದು ಆನೆಯಷ್ಟು ದೊಡ್ಡದು, ಇನ್ನೊಂದು ಕಿರಿದು. ಕನ್ನಡದಲ್ಲಿಯೂ ನೆಲಗುಳ್ಳ, ಕಿರುಗುಳ್ಳ, ಹೆಗ್ಗುಳ್ಳ ಎಂದು ಹೇಳುವುದುಂಟು. ಗುಳ್ಳ ಎಂಬುದು ಕುಲದ ಹೆಸರು. ನೆಲ, ಕಿರು, ಹೆಗ್ ಎಂಬವು ಆ ಕುಲದ ಒಬ್ಬೊಬ್ಬರ ಗುರುತು. ಲಿನ್ನೇಯಸ್ ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಹೆಸರಿಟ್ಟು ಜಗತ್ತಿಗೆ ಕಲಿಸಿದ ಕ್ರಮದ ತಿರುಳು ನಮ್ಮ ಹಳ್ಳಿಯ ಹೆಸರುಗಳಲ್ಲೂ ಇತ್ತೆಂದರೆ ಅತಿಶಯೋಕ್ತಿಯಾಗದು. ಲಿನ್ನೇಯಸ್ ಸ್ವತಃ ರೀಡರ ಸಂಪುಟಗಳನ್ನು ಎದುರಿಗಿಟ್ಟುಕೊಂಡು ಭಾರತದ ಎಷ್ಟೋ ಗಿಡಗಳಿಗೆ ಹೆಸರಿಟ್ಟರು.

ಹಾಗಾದರೆ ಶಾಸ್ತ್ರ ಹೆಚ್ಚಿಗೆ ಮಾಡಿದ್ದೇನು? ಊರಿಂದ ಊರಿಗೆ ಬದಲಾಗುವ ಹೆಸರನ್ನು ಬದಲಾಗದ ಒಂದು ಸಾಕ್ಷಿಗೆ ಕಟ್ಟಿಹಾಕಿತು. ಅದು ನಡೆಯುವ ರೀತಿ ಸರಳವಾದುದೇ. ಸಂಗ್ರಾಹಕನು ಹೂ, ಕಾಯಿ, ಎಲೆ ಸಹಿತವಾದ ಒಂದು ಕೊಂಬೆಯನ್ನು ಕತ್ತರಿಸಿ ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸುತ್ತಾನೆ. ತನ್ನ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಹಾಕಿ ಸ್ಥಳ, ಎತ್ತರ, ದಿನಾಂಕ, ಹೂವಿನ ಬಣ್ಣ ಇವನ್ನು ಬರೆಯುತ್ತಾನೆ. ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲವಲ್ಲ. ಆ ಒಣಕೊಂಬೆಯನ್ನು ದಪ್ಪ ಕಾಗದಕ್ಕೆ ಅಂಟಿಸಿ ಸಸ್ಯಸಂಗ್ರಹಾಲಯದ ಕಪಾಟಿನಲ್ಲಿಡುತ್ತಾರೆ. ಮುಂದೆ ಆ ಕುಟುಂಬವನ್ನು ಬಲ್ಲ ವಿದ್ವಾಂಸರೊಬ್ಬರು ಅದನ್ನು ಪರಿಚಿತ ಪ್ರಭೇದಗಳ ಹಾಳೆಗಳೊಡನೆ ಹೋಲಿಸುತ್ತಾರೆ. ಎಲೆಯ ಮೇಲಿನ ರೋಮ ಒಂಟಿಯೋ ಕವಲೊಡೆದದ್ದೋ, ಕೇಸರಗಳು ಸಮವೋ ವಿಷಮವೋ, ತೊಟ್ಟಿನಲ್ಲಿ ಗೆಣ್ಣು ಎಲ್ಲಿದೆ, ಇಂಥ ನೂರು ಪ್ರಶ್ನೆಗಳನ್ನು ಕೇಳುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಹೊಸ ಹೆಸರಿಟ್ಟು, ವಿವರಣೆ ಬರೆದು ಪ್ರಕಟಿಸುತ್ತಾರೆ. ಆ ಹೆಸರಿಗೆ ಆಧಾರವಾಗಿ ಒಂದು ಹಾಳೆಯನ್ನು ಮೂಲಮಾದರಿ ಎಂದು ಸಾರುತ್ತಾರೆ. ಮುಂದೆ ಎಂದಾದರೂ ಹೆಸರಿನ ಬಗ್ಗೆ ವ್ಯಾಜ್ಯ ಬಂದರೆ ತೀರ್ಪು ಹೇಳುವ ಸಾಕ್ಷಿ ಆ ಒಂದು ಹಾಳೆಯೇ. 1935ರಿಂದ 2011ರ ಕೊನೆಯವರೆಗೆ ಇನ್ನೊಂದು ಕಟ್ಟಳೆಯೂ ಇತ್ತು. ಹೊಸ ಸಸ್ಯದ ಲಕ್ಷಣವನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳದಿದ್ದರೆ ಹೆಸರು ಸಿಂಧುವಾಗುತ್ತಿರಲಿಲ್ಲ.

ಇದೆಲ್ಲ ಕೇಳಲು ಶುಷ್ಕವೆನಿಸಬಹುದು. ಒಣಗಿದ ಕೊಂಬೆ, ಸತ್ತ ಭಾಷೆ, ಯಾರೂ ಓದದ ಪತ್ರಿಕೆ ಎಂದು ಹಾಸ್ಯ ಮಾಡಿದವರೂ ಇದ್ದಾರೆ. ಈ ಶುಷ್ಕ ಕೆಲಸದ ಬೆಲೆಯನ್ನು ತೋರಿಸಿಕೊಟ್ಟ ಒಂದು ಪ್ರಸಂಗವನ್ನು ಈಗ ಹೇಳುತ್ತೇನೆ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಆಂಡೀಸ್ ಪರ್ವತಗಳ ನಡುವೆ ಅಪುರಿಮಾಕ್ ಎಂಬ ಸೀಮೆಯಿದೆ. 1962ರ ಡಿಸೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಇಬ್ಬರು ಸಸ್ಯವಿಜ್ಞಾನಿಗಳು ಅಲ್ಲಿ ಅಲೆಯುತ್ತಿದ್ದರು. ಒಬ್ಬರು ಹ್ಯೂ ಇಲ್ಟಿಸ್, ಇನ್ನೊಬ್ಬರು ಡಾನ್ ಯುಜೆಂಟ್. ಇಲ್ಟಿಸರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅವರು 1925ರಲ್ಲಿ ಚೆಕೊಸ್ಲೊವಾಕಿಯದ ಬ್ರುನೊ ನಗರದಲ್ಲಿ ಹುಟ್ಟಿದವರು. ಅದೇ ಊರಿನ ಮಠದ ತೋಟದಲ್ಲಿ ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆದು ಆನುವಂಶೀಯತೆಯ ನಿಯಮಗಳನ್ನು ಕಂಡುಕೊಂಡದ್ದು. ಇಲ್ಟಿಸರ ತಂದೆ ಹ್ಯೂಗೊ ಇಲ್ಟಿಸ್ ಆ ಊರಿನಲ್ಲಿ ಅಧ್ಯಾಪಕರಾಗಿದ್ದು, ಮೆಂಡೆಲನ ಜೀವನಚರಿತ್ರೆಯನ್ನು 1924ರಲ್ಲಿ ಪ್ರಕಟಿಸಿದವರು. ನಾಜಿಗಳ ಕಾಟದಿಂದ ತಪ್ಪಿಸಿಕೊಂಡು ಕುಟುಂಬ 1939ರಲ್ಲಿ ಅಮೆರಿಕ ಸೇರಿತು. ಮಗ ಸಸ್ಯವಿಜ್ಞಾನಿಯಾದ.

ಅವರು ಪೆರುವಿಗೆ ಹೋದದ್ದು ಟೊಮೆಟೊ ಹುಡುಕಲು ಅಲ್ಲ. ಅವರಿಗೆ ಬೇಕಾಗಿದ್ದುದು ಕಾಡು ಆಲೂಗಡ್ಡೆ. ಕಸಿಂಚಿವಾ ಎಂಬ ಜಮೀನ್ದಾರಿಯ ಬಳಿ ಅವರ ಕಣ್ಣಿಗೆ ಒಂದು ಕಳೆಗಿಡ ಬಿತ್ತು. ಕಾಂಡ ಒಂದರೊಳಗೊಂದು ಹೆಣೆದುಕೊಂಡು ಹರಡಿತ್ತು. ಎಲೆ ಮುಟ್ಟಿದರೆ ಅಂಟು, ಮೂಸಿದರೆ ದುರ್ಗಂಧ. ಹಳದಿ ಹೂ, ಹಸಿರಿನ ಮೇಲೆ ಬಿಳಿಗೆರೆಯ ಸಣ್ಣ ಕಾಯಿ. ಕಾಯಿ ಚೆರಿ ಹಣ್ಣಿಗಿಂತಲೂ ಚಿಕ್ಕದು, ತಿನ್ನಲು ಯೋಗ್ಯವಲ್ಲ. ಹೂ ನೋಡಿದರೆ ಟೊಮೆಟೊವಿನ ನಂಟ. ಆಲೂಗಡ್ಡೆ ಹುಡುಕಿ ಬಂದವರು ಅದನ್ನು ದಾಟಿ ಮುಂದೆ ಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಕಾಡು ಟೊಮೆಟೊಗಳ ಪ್ರಭೇದಗಳು ಬೆರಳೆಣಿಕೆಯಷ್ಟು; ಅವುಗಳಲ್ಲಿ ಯಾವುದು ಸಿಕ್ಕರೂ ಯಾರಿಗಾದರೂ ಬೇಕಾದೀತು ಎಂಬುದು ಅವರಿಗೆ ಗೊತ್ತಿತ್ತು. ಅಲ್ಲಿಯೇ ನಿಂತರು. ಕೊಂಬೆಗಳನ್ನು ಕತ್ತರಿಸಿ ಕಾಗದದ ನಡುವೆ ಒತ್ತಿದರು, ಛಾಯಾಚಿತ್ರ ತೆಗೆದರು. ಒಂದಿಷ್ಟು ಕಾಯಿಗಳನ್ನು ಹಿಸುಕಿ ಬೀಜವನ್ನು ವೃತ್ತಪತ್ರಿಕೆಯ ಹಾಳೆಯ ಮೇಲೆ ಒಣಗಿಸಿದರು. ಪುಸ್ತಕದಲ್ಲಿ ಆ ಗಿಡಕ್ಕೆ ಬಿದ್ದ ಕ್ರಮಸಂಖ್ಯೆ 832.

ಬೀಜ ಹೋದದ್ದು ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿದ್ದ ಚಾರ್ಲ್ಸ್ ರಿಕ್ ಎಂಬವರಿಗೆ. ಟೊಮೆಟೊ ಎಂಬ ಒಂದು ಗಿಡಕ್ಕೆ ಆಯುಷ್ಯವನ್ನೇ ಮುಡಿಪಿಟ್ಟವರು ರಿಕ್. ದಕ್ಷಿಣ ಅಮೆರಿಕದ ಕಣಿವೆಗಳಲ್ಲಿ ಸ್ವತಃ ತಿರುಗಿ ಕಾಡು ಟೊಮೆಟೊಗಳ ಬೀಜಗಳನ್ನು ತಂದು ಬೆಳೆದು, ಅಡ್ಡತಳಿ ಮಾಡಿ, ಬೀಜಭಂಡಾರದಲ್ಲಿ ಕಾಪಾಡಿದವರು. ಅವರು 2002ರಲ್ಲಿ ತೀರಿಕೊಂಡರು. ಆ ಭಂಡಾರ ಅವರ ಹೆಸರಿನಲ್ಲೇ ಇದೆ. 832ರ ಬೀಜವನ್ನು ಬಿತ್ತಿ ಬೆಳೆದಾಗ ಅದು ಯಾವ ಹೆಸರಿಗೂ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಅದರಂತೆಯೇ ತೋರುವ ಬೇರೆ ಸಂಗ್ರಹಗಳನ್ನೂ ಸೇರಿಸಿ ನೋಡಿದಾಗ ಅಲ್ಲಿ ಒಂದಲ್ಲ, ಎರಡು ಬಗೆಯ ಗಿಡಗಳಿದ್ದವು. ಮೇಲ್ನೋಟಕ್ಕೆ ಅಕ್ಕತಂಗಿಯರು. ಎರಡೂ ಆಂಡೀಸಿನ ಒಳಕಣಿವೆಗಳವು. ಒಂದರ ಹೂ ಸ್ವಲ್ಪ ದೊಡ್ಡದು. ದುಂಬಿಗಳು ತರುವ ಪರಾಗವನ್ನೂ ಸ್ವೀಕರಿಸುತ್ತದೆ. ಇನ್ನೊಂದರ ಹೂ ತೀರ ಚಿಕ್ಕದು; ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ಇವು ನಿಜವಾಗಿ ಬೇರೆಬೇರೆಯೇ ಎಂಬುದನ್ನು ಎಲೆ ಹೂಗಳ ಅಳತೆಯಿಂದ ಮಾತ್ರ ನಿಶ್ಚಯಿಸದೆ ಅಡ್ಡತಳಿಯ ಪ್ರಯೋಗಗಳಿಂದಲೂ ಪರೀಕ್ಷಿಸಿ, 1976ರಲ್ಲಿ ರಿಕ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಎರಡು ಹೊಸ ಪ್ರಭೇದಗಳನ್ನು ಪ್ರಕಟಿಸಿದರು. ದೊಡ್ಡ ಹೂವಿನದಕ್ಕೆ ಪೋಲೆಂಡಿನ ಟೊಮೆಟೊ ವಿಜ್ಞಾನಿ ಖ್ಮೆಲೆವ್‌ಸ್ಕಿಯವರ ಹೆಸರನ್ನಿಟ್ಟರು. ಚಿಕ್ಕ ಹೂವಿನದು ಪಾರ್ವಿಫ್ಲೋರಮ್ ಆಯಿತು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಕಿರುಹೂವಿನದು ಎಂದೇ ಅರ್ಥ. 832 ಮೊದಲನೆಯ ಪ್ರಭೇದಕ್ಕೆ ಸೇರಿತು.

ಕಣಿವೆಯಲ್ಲಿ ಕಾಯಿ ಹಿಸುಕಿದ ದಿನದಿಂದ ಹೆಸರು ಅಚ್ಚಾಗುವವರೆಗೆ ಹದಿನಾಲ್ಕು ವರ್ಷಗಳು ಸಂದವು. ಆ ಮೊದಲೇ ರಿಕ್ ಬೇರೊಂದು ಕೆಲಸವನ್ನೂ ಹಿಡಿದಿದ್ದರು. ಈ ಕಾಡುಗಿಡವನ್ನು ತೋಟದ ಟೊಮೆಟೊಗೆ ಕೂಡಿಸಿ, ಹುಟ್ಟಿದ ಸಂತತಿಯನ್ನು ಮತ್ತೆ ಮತ್ತೆ ತೋಟದ ಗಿಡಕ್ಕೇ ಕೂಡಿಸುತ್ತ ಹೋದರು. ಸುಮಾರು ಹತ್ತು ತಲೆಮಾರು ಕಳೆಯುವ ವೇಳೆಗೆ ದೊರೆತ ತಳಿಗಳಲ್ಲಿ ಹಣ್ಣಿನ ಬಣ್ಣ ಉತ್ತಮಗೊಂಡಿತ್ತು. ಅದಕ್ಕಿಂತ ಮುಖ್ಯವಾಗಿ, ಹಣ್ಣಿನ ರಸದಲ್ಲಿ ಕರಗಿರುವ ಘನಾಂಶ ಹೆಚ್ಚಿತ್ತು. ಈ ಘನಾಂಶದ ಬಹುಪಾಲು ಸಕ್ಕರೆಯೇ. ಸಾಮಾನ್ಯ ಟೊಮೆಟೊದಲ್ಲಿ ಅದು ಶೇಕಡಾ 4.5ರಿಂದ 6.2ರವರೆಗೆ ಇದ್ದರೆ ಈ ಹೊಸ ತಳಿಗಳಲ್ಲಿ 6.6ರಿಂದ 8.6ರವರೆಗೆ ಏರಿತ್ತು ಎಂದು ಇಲ್ಟಿಸ್ ಮುಂದೆ ಬರೆದರು. ಇದು ಅಲ್ಪ ವ್ಯತ್ಯಾಸವಲ್ಲವೇ ಎನ್ನಬಹುದು. ಆದರೆ ಟೊಮೆಟೊ ಸಾರನ್ನು ಗಟ್ಟಿಮಾಡಿ ಡಬ್ಬಿಗೆ ತುಂಬುವ ಕಾರ್ಖಾನೆಯ ಲೆಕ್ಕವೇ ಬೇರೆ. ಹಣ್ಣಿನಲ್ಲಿ ನೀರು ಹೆಚ್ಚಿದ್ದಷ್ಟೂ ಅದನ್ನು ಕುದಿಸಿ ಇಂಗಿಸಲು ಉರುವಲು ಹೆಚ್ಚು ಬೇಕು. ಮನೆಯಲ್ಲಿ ಹಣ್ಣಿನ ರಸವನ್ನು ಬತ್ತಿಸಿದವರಿಗೆ ಈ ಕಷ್ಟ ಗೊತ್ತು. ಕಾರ್ಖಾನೆಗಳಿಗೆ ಇದರಿಂದ ವರ್ಷಕ್ಕೆ 80 ಲಕ್ಷ ಡಾಲರ್‌ಗಳಷ್ಟು ಲಾಭವಾಗಬಹುದೆಂದು ಇಲ್ಟಿಸ್ ಅಂದಾಜು ಹೇಳಿದರು.

ಇಲ್ಲಿ ಗಮನಿಸಬೇಕಾದದ್ದು ಹಣದ ಮೊತ್ತವಲ್ಲ. ಆ ದಿನ ಕಣಿವೆಯಲ್ಲಿ ನಿಂತವರಿಗೆ ಆ ಗಿಡದ ಹಸಿರು ಕಾಯಿ ಕೆಂಪು ಹಣ್ಣಿಗೆ ಸಿಹಿ ಕೊಟ್ಟೀತೆಂಬ ಕಲ್ಪನೆಯೇ ಇರಲಿಲ್ಲ. ತಾವು ಕಿತ್ತದ್ದು ಹೆಸರಿಲ್ಲದ ಪ್ರಭೇದವೆಂಬುದೂ ತಿಳಿದಿರಲಿಲ್ಲ. ಉಪಯೋಗವನ್ನು ಮೊದಲು ಕೇಳಿ ಆಮೇಲೆ ಗಿಡವನ್ನು ದಾಖಲಿಸುವುದಾಗಿದ್ದರೆ 832 ಎಂಬ ಸಂಖ್ಯೆ ಯಾವ ಪುಸ್ತಕಕ್ಕೂ ಏರುತ್ತಿರಲಿಲ್ಲ. ಇಲ್ಟಿಸ್ ತಮ್ಮ ಮುಂದಿನ ಬರಹಗಳಲ್ಲಿ ಈ ಪ್ರಸಂಗವನ್ನು ಹೇಳಿದ್ದೂ ಈ ಕಾರಣಕ್ಕಾಗಿಯೇ. ಯಾವ ಗಿಡ ಯಾವಾಗ ಬೇಕಾದೀತೆಂದು ಮೊದಲೇ ಹೇಳಬಲ್ಲ ಪಂಡಿತರು ಇಲ್ಲ. ಆದುದರಿಂದ ಎಲ್ಲವನ್ನೂ ಉಳಿಸಬೇಕು, ಎಲ್ಲವನ್ನೂ ದಾಖಲಿಸಬೇಕು ಎಂಬುದು ಅವರ ವಾದ.

ಹೆಸರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಲಿನ್ನೇಯಸ್ ಟೊಮೆಟೊವನ್ನು ಬದನೆಯ ಜೊತೆ ಸೊಲಾನಮ್‌ನಲ್ಲಿ ಇಟ್ಟರೂ, ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ 1754ರಲ್ಲಿಯೇ ಅದನ್ನು ಹೊರತೆಗೆದು ಲೈಕೊಪರ್ಸಿಕಾನ್ ಎಂಬ ಬೇರೆ ಜಾತಿಗೆ ಸೇರಿಸಿದ್ದರು. ಇನ್ನೂರು ವರ್ಷಗಳಿಗೂ ಮಿಕ್ಕಿ ಬಹುಮಂದಿ ಅದನ್ನೇ ಒಪ್ಪಿದ್ದರು. ರಿಕ್ ತಮ್ಮ ಎರಡು ಪ್ರಭೇದಗಳನ್ನು ಸೇರಿಸಿದ್ದೂ ಅದಕ್ಕೇ. ವರ್ಣತಂತುಗಳ ಒಳಗಿನ ರಾಸಾಯನಿಕ ಬರಹವನ್ನು ಓದುವ ವಿದ್ಯೆ ಬಂದ ಮೇಲೆ ಟೊಮೆಟೊ ಆಲೂಗಡ್ಡೆಯ ಅತ್ಯಂತ ಹತ್ತಿರದ ನಂಟನೆಂಬುದು ಸ್ಪಷ್ಟವಾಯಿತು. 1993ರಲ್ಲಿ ಡೇವಿಡ್ ಸ್ಪೂನರ್ ಮತ್ತು ಇಬ್ಬರು ಸಹೋದ್ಯೋಗಿಗಳು ಟೊಮೆಟೊಗಳನ್ನೆಲ್ಲ ಮತ್ತೆ ಸೊಲಾನಮ್ ಮನೆಗೇ ಕರೆತಂದರು. ಆಗ ಒಂದು ತೊಡಕು ಬಂತು. ಸೊಲಾನಮ್‌ನಲ್ಲಿ ಕಿರುಹೂವಿನ ಪಾರ್ವಿಫ್ಲೋರಮ್ ಎಂಬ ಹೆಸರಿನ ಗಿಡವೊಂದು ಮೊದಲೇ ಇತ್ತು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿಗೆ ಶಾಸ್ತ್ರ ಅವಕಾಶ ಕೊಡದು. ಮೊದಲು ಬಂದವನದೇ ಹೆಸರು. ರಿಕ್ ಅವರ ಗೌರವಾರ್ಥ ರಿಕಿಯೈ ಎನ್ನೋಣವೆಂದರೆ ಆ ಹೆಸರನ್ನೂ ಬೇರೊಂದು ಗಿಡಕ್ಕೆ ಹಿಂದೆಯೇ ಇಟ್ಟಾಗಿತ್ತು. ಕೊನೆಗೆ ‘ಹೊಸ ರಿಕ್’ ಎಂಬ ಅರ್ಥ ಬರುವಂತೆ ನಿಯೊರಿಕಿಯೈ ಎಂದು ಹೆಸರಿಟ್ಟರು. ಚಪ್ಪರಬದನೆ ಎಂದವರ ಮಾತು ಹೀಗೆ ಎರಡನೆಯ ಸಲ ನಿಜವಾಯಿತು.

ಇದೇ ಬಳಗದ ಇನ್ನೊಂದು ಕಥೆ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳದು. ಚಾರ್ಲ್ಸ್ ಡಾರ್ವಿನ್ 1835ರಲ್ಲಿ ಆ ದ್ವೀಪಗಳಲ್ಲಿ ಸಂಗ್ರಹಿಸಿದ ಒಣಸಸ್ಯಗಳಲ್ಲಿ ಟೊಮೆಟೊವೂ ಇತ್ತು. ಸುಮಾರು ತೊಂಬತ್ತು ವರ್ಷಗಳ ಬಳಿಕ ಎವೆಲಿನ್ ಚೀಸ್‌ಮನ್ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿಗೆ ಹೋದರು. ಅವರು ಕೀಟಶಾಸ್ತ್ರಜ್ಞೆ. ಆಕೆ ತಂದ ಗಿಡವನ್ನು ನೋಡಿ 1925ರಲ್ಲಿ ಹೊಸ ಪ್ರಭೇದವೆಂದು ಹೇಳಿ ಆಕೆಯ ಹೆಸರನ್ನಿಟ್ಟರು. ಆದರೆ ಲ್ಯಾಟಿನ್ ವ್ಯಾಕರಣದಲ್ಲಿ ಪುರುಷನಿಗೆ ಹಚ್ಚುವ ಪ್ರತ್ಯಯವನ್ನು ಆ ಹೆಸರಿಗೆ ಹಚ್ಚಿಬಿಟ್ಟಿದ್ದರು. ಅದು ತಿದ್ದುಪಡಿಯಾಗಿ ಸ್ತ್ರೀಲಿಂಗಕ್ಕೆ ಬರಲು ಹಲವು ದಶಕಗಳೇ ಬೇಕಾದವು. ಈ ದ್ವೀಪದ ಟೊಮೆಟೊಗಳ ಬೀಜ ಬಿತ್ತಿದರೆ ಮೊಳೆಯುತ್ತಲೇ ಇರಲಿಲ್ಲ. ರಿಕ್ ಇದಕ್ಕೆ ಕಾರಣವನ್ನು ದ್ವೀಪದ ಪ್ರಾಣಿಗಳಲ್ಲಿ ಹುಡುಕಿದರು. ಹಣ್ಣನ್ನು ಅಲ್ಲಿನ ದೈತ್ಯ ಆಮೆಗಳಿಗೆ ತಿನ್ನಿಸಿ, ವಾರಗಟ್ಟಲೆ ಕಾದು, ಸಗಣಿಯಿಂದ ಬೀಜವನ್ನು ಆರಿಸಿ ಬಿತ್ತಿದಾಗ ಸಲೀಸಾಗಿ ಮೊಳೆತವು. ಗಡುಸಾದ ಬೀಜದ ಹೊದಿಕೆಯನ್ನು ಸಡಿಲಿಸುವ ಕೆಲಸವನ್ನು ಆಮೆಯ ಹೊಟ್ಟೆ ಮಾಡುತ್ತಿತ್ತು. 1961ರಲ್ಲಿ ರಿಕ್ ಮತ್ತು ಬೌಮನ್ ಇದನ್ನು ಪ್ರಕಟಿಸಿದರು. ಗಿಡಕ್ಕೆ ಹೆಸರಿಟ್ಟು ಬೀಜವನ್ನು ಭಂಡಾರದಲ್ಲಿಟ್ಟರೆ ಗಿಡ ಉಳಿದಂತಾಯಿತೆಂದು ಭಾವಿಸುವವರು ಈ ಆಮೆಯನ್ನು ನೆನೆಯಬೇಕು. ಕಾಡಿನಲ್ಲಿ ಗಿಡದ ಸಂಸಾರ ಒಂಟಿಯಾಗಿ ನಡೆಯುವುದಿಲ್ಲ.

ಗಲಾಪಗೋಸಿನ ಇಂಥದೇ ಒಂದು ಕಾಡು ಟೊಮೆಟೊದಿಂದ ತೊಟ್ಟಿನಲ್ಲಿ ಗೆಣ್ಣಿಲ್ಲದ ಗುಣ ತೋಟದ ಟೊಮೆಟೊಗೆ ಬಂತು. ಮಾಮೂಲು ಟೊಮೆಟೊ ಕಿತ್ತಾಗ ತೊಟ್ಟು ಗೆಣ್ಣಿನಲ್ಲಿ ಮುರಿದು ಅದರ ತುಂಡು ಹಣ್ಣಿನಲ್ಲೇ ಉಳಿಯುತ್ತದೆ. ರಾಶಿ ಹಾಕಿದಾಗ ಅದು ಪಕ್ಕದ ಹಣ್ಣನ್ನು ಚುಚ್ಚುತ್ತದೆ. ಗೆಣ್ಣಿಲ್ಲದಿದ್ದರೆ ಹಣ್ಣು ತೊಟ್ಟನ್ನು ಬಿಟ್ಟು ನೀಟಾಗಿ ಕಳಚಿಕೊಳ್ಳುತ್ತದೆ. ಯಂತ್ರದಿಂದ ಕೊಯ್ಲು ಮಾಡುವವರಿಗೆ ಇದು ವರವಾಯಿತು. 2003ರಲ್ಲಿ ಈ ದ್ವೀಪಗಳ ಟೊಮೆಟೊಗಳನ್ನು ಮರುಪರಿಶೀಲಿಸಿ, ಚೀಸ್‌ಮನ್ ಹೆಸರಿನದರ ಜೊತೆಗೆ ಗಲಾಪಗೆನ್ಸೆ ಎಂಬ ಇನ್ನೊಂದು ಹೊಸ ಪ್ರಭೇದವನ್ನು ವಿವರಿಸಿದವರಲ್ಲಿ ಒಬ್ಬರು ಸಾರಾ ಡಾರ್ವಿನ್. ಅವರು ಚಾರ್ಲ್ಸ್ ಡಾರ್ವಿನ್ನರ ಮರಿಮೊಮ್ಮಗನ ಮಗಳು. ತಾತ ಹೊತ್ತು ತಂದ ಕೊಂಬೆಯ ಬಳಗದ ಲೆಕ್ಕವನ್ನು ನೂರ ಅರವತ್ತೆಂಟು ವರ್ಷಗಳ ಬಳಿಕ ಮನೆಮಗಳು ಸರಿಪಡಿಸಿದಂತಾಯಿತು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಎದುರಿಸದೆ ಮುಂದುವರಿಯುವುದು ನ್ಯಾಯವಲ್ಲ. ಪೆರುವಿನ ಕಣಿವೆಯ ಗಿಡ ಕ್ಯಾಲಿಫೋರ್ನಿಯಕ್ಕೆ ಸಿಹಿ ಕೊಟ್ಟಿತು. ಪೆರುವಿಗೆ ಏನು ಬಂತು? 1962ರಲ್ಲಿ ಈ ಪ್ರಶ್ನೆಯನ್ನು ಕೇಳುವವರು ವಿರಳ. ಕಾಡಿನ ಬೀಜ ಮಾನವಕುಲಕ್ಕೆಲ್ಲ ಸೇರಿದ ಸೊತ್ತೆಂಬುದು ಅಂದಿನ ಸಾಮಾನ್ಯ ಭಾವನೆ. ಇಲ್ಟಿಸರಾಗಲಿ ರಿಕ್ ಅವರಾಗಲಿ ಆ ಬೀಜದಿಂದ ಧನಿಕರಾದವರಲ್ಲ; ರಿಕ್ ತಮ್ಮ ಭಂಡಾರದ ಬೀಜಗಳನ್ನು ಕೇಳಿದ ವಿಜ್ಞಾನಿಗಳಿಗೆಲ್ಲ ಹಂಚಿದವರು. ಆದರೂ ಸಸ್ಯಸಂಪತ್ತು ಬಡದೇಶಗಳಲ್ಲಿ, ಅದರ ಲಾಭ ಶ್ರೀಮಂತ ದೇಶಗಳಲ್ಲಿ ಎಂಬ ಅಸಮಾಧಾನ ಬೆಳೆಯುತ್ತ ಹೋಯಿತು. 1992ರಲ್ಲಿ ರಿಯೊ ನಗರದಲ್ಲಿ ಆದ ಜೀವವೈವಿಧ್ಯ ಒಪ್ಪಂದ ಆಯಾ ದೇಶದ ಸಸ್ಯಗಳ ಮೇಲೆ ಆಯಾ ದೇಶಕ್ಕೇ ಹಕ್ಕಿದೆಯೆಂದು ಒಪ್ಪಿಕೊಂಡಿತು. ಲಾಭದಲ್ಲಿ ಪಾಲು ಸಲ್ಲಬೇಕೆಂದೂ ಹೇಳಿತು. ಭಾರತವೂ 2002ರಲ್ಲಿ ಜೀವವೈವಿಧ್ಯ ಕಾಯಿದೆಯನ್ನು ಮಾಡಿತು. ಕಾಯಿದೆಗಳ ಪಾಲನೆ ಎಷ್ಟರಮಟ್ಟಿಗೆ ಎಂಬುದು ಬೇರೆ ಚರ್ಚೆ. ಒಂದು ಮಾತು ಮಾತ್ರ ನಿಜ. ದಾಖಲೆಯಲ್ಲಿ ಹೆಸರಿಲ್ಲದ ಗಿಡಕ್ಕೆ ಹಕ್ಕುದಾರರೂ ಇರುವುದಿಲ್ಲ; ಅದು ಕಾಣೆಯಾದರೆ ದೂರು ಕೊಡುವವರೂ ಇರುವುದಿಲ್ಲ. ಪ್ರಭೇದದ ವಿವರಣೆ ಈ ಅರ್ಥದಲ್ಲಿ ಒಂದು ಗಿಡದ ಜನನಪತ್ರ.

ಈ ಜನನಪತ್ರಗಳನ್ನು ಬರೆಯುವ ಕೆಲಸ ಈಗ ಹೇಗೆ ನಡೆದಿದೆ? 2004ರಲ್ಲಿ ಸೊಲಾನಮ್ ಜಾತಿಯ ಪ್ರಭೇದಗಳನ್ನೆಲ್ಲ ಜಗತ್ತಿನಾದ್ಯಂತ ಎಣಿಸಿ ವಿವರಿಸುವ ದೊಡ್ಡ ಯೋಜನೆಯೊಂದು ಆರಂಭವಾಯಿತು. ಲಂಡನ್ನಿನ ಸಾಂಡ್ರಾ ನ್ಯಾಪ್ ಅದರ ಪ್ರಮುಖರಲ್ಲಿ ಒಬ್ಬರು. ಅವರು 2010ರಲ್ಲಿ ಅಮೆರಿಕದ ಉಷ್ಣವಲಯದ ನಾಲ್ಕು ಬಳ್ಳಿಜಾತಿಯ ಹೊಸ ಪ್ರಭೇದಗಳನ್ನು ಕಾಗದದ ಮೇಲೆ ಅಚ್ಚಾಗದ ವಿದ್ಯುನ್ಮಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗಿನ ಕಟ್ಟಳೆ ಕಾಗದವನ್ನೇ ಕೇಳುತ್ತಿದ್ದುದರಿಂದ ಕೆಲವು ಪ್ರತಿಗಳನ್ನು ಅಚ್ಚುಹಾಕಿಸಿ ಗ್ರಂಥಾಲಯಗಳಿಗೆ ಕೊಡಬೇಕಾಯಿತು. 2012ರ ಜನವರಿಯಿಂದ ಆ ನಿರ್ಬಂಧವೂ ಲ್ಯಾಟಿನ್ನಿನ ನಿರ್ಬಂಧವೂ ಸಡಿಲವಾದವು. 2016ರಲ್ಲಿ ಆಸ್ಟ್ರೇಲಿಯದ ಒಂದು ಹೊಸ ಪ್ರಭೇದಕ್ಕೆ ಹೆಸರು ಸೂಚಿಸುವ ಅವಕಾಶ ಅಮೆರಿಕದ ಪೆನ್ಸಿಲ್ವೇನಿಯದ ಶಾಲಾಮಕ್ಕಳಿಗೆ ದೊರೆಯಿತು. ಅದರ ಹಸಿಕಾಯಿಯನ್ನು ಕೊಯ್ದರೆ ಒಳಗಿನ ತಿರುಳು ಗಾಳಿಗೆ ರಕ್ತದಂತೆ ಕೆಂಪಾಗುತ್ತದೆ. ಬಲಿತು ಒಣಗಿದರೆ ಎಲುಬಿನಂತೆ ಗಟ್ಟಿಯಾಗುತ್ತದೆ. ಎಲುಬು ಮತ್ತು ರಕ್ತ ಎರಡೂ ಸೇರಿ ಆಸಿಕ್ರುಯೆಂಟಮ್ ಎಂಬ ಹೆಸರಾಯಿತು. ಈ ಗಿಡವನ್ನು ಹಿಂದಿನ ಸಂಗ್ರಾಹಕರೂ ಕಂಡಿದ್ದರು. ಬೇರೊಂದು ಪ್ರಭೇದದ ರೂಪಾಂತರವೆಂದು ಬಗೆದು ಸುಮ್ಮನಾಗಿದ್ದರು.

ಇದು ಅಪವಾದವಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೂಬಿಡುವ ಸಸ್ಯಗಳ ಹೊಸ ಪ್ರಭೇದಗಳ ಇತಿಹಾಸವನ್ನು ಪರಿಶೀಲಿಸಿತು. ಮೊದಲ ಸಂಗ್ರಹವಾದ ಐದು ವರ್ಷಗಳೊಳಗೆ ಹೆಸರು ಪಡೆದವು ಶೇಕಡಾ 16 ಮಾತ್ರ. ಹೆಚ್ಚುಕಡಿಮೆ ಕಾಲುಭಾಗದಷ್ಟು ಪ್ರಭೇದಗಳು ಕಪಾಟಿನಲ್ಲಿ ಐವತ್ತು ವರ್ಷಗಳಿಗೂ ಮೀರಿ ಕಾದಿದ್ದವು. ಹೊಸ ಗಿಡ ಹುಡುಕಲು ಬೆಟ್ಟ ಹತ್ತಬೇಕು, ನಿಜ. ಆದರೆ ಎಷ್ಟೋ ಹೊಸ ಗಿಡಗಳು ಒಣಗಿ ಹಾಳೆಗೆ ಅಂಟಿಕೊಂಡು ಬಲ್ಲವರ ಕಣ್ಣಿಗಾಗಿ ಕಪಾಟಿನೊಳಗೇ ಕಾಯುತ್ತಿವೆ. ಬಲ್ಲವರ ಸಂಖ್ಯೆ ಕಡಿಮೆ. ಅವು ಕಾಯುತ್ತಿರುವಾಗ ಅವು ಬಂದ ಕಣಿವೆ ಕಾಯುವುದಿಲ್ಲ. ಅಲ್ಲಿ ಹೊಲವಾಗಬಹುದು, ರಸ್ತೆಯಾಗಬಹುದು.

ಕೊನೆಯದಾಗಿ ನಮ್ಮ ಬದನೆಯ ಕಡೆಗೆ ಬರೋಣ. ಮಟ್ಟು ಗ್ರಾಮದ ಗುಳ್ಳವನ್ನು ಹೆಮ್ಮೆಯಿಂದ ಹೇಳುವ ನಾಡು ನಮ್ಮದು. ತೋಟದ ಬದನೆಗೆ ಭಾರತದಲ್ಲಿ ಬೆಳೆಯುವ ಒಂದು ಕಾಡು ಪೂರ್ವಜನಿದ್ದಾನೆ. ಮುಳ್ಳು ಮೈತುಂಬ, ಕಾಯಿ ಗೋಲಿಗಿಂತ ತುಸು ದೊಡ್ಡದು, ತಿಂದರೆ ಕಹಿ. ದಾರಿಯ ಬದಿ, ಹೊಲದ ಅಂಚು, ಪಾಳುನೆಲ ಇವೇ ಅದರ ನೆಲೆ. ಲಿನ್ನೇಯಸ್ ಅದಕ್ಕೆ 1767ರಲ್ಲಿ ಸೊಲಾನಮ್ ಇನ್ಸಾನಮ್ ಎಂದು ಹೆಸರಿಟ್ಟರು. ಆದರೆ ಮುಂದಿನವರಲ್ಲಿ ಹಲವರು ಅದನ್ನು ತೋಟದ ಬದನೆಯದೇ ಒಂದು ಕಾಡುರೂಪವೆಂದು ತಳ್ಳಿಹಾಕಿದರು. 2013ರಲ್ಲಿ ನ್ಯಾಪ್ ಮತ್ತು ಸಹೋದ್ಯೋಗಿಗಳು ಬದನೆಯ ಹತ್ತಿರದ ನಂಟರನ್ನೆಲ್ಲ ಮತ್ತೆ ವಿಂಗಡಿಸಿದಾಗ ಆ ಹಳೆಯ ಹೆಸರಿಗೆ ಮರುಜೀವ ಬಂತು. ಬರಕ್ಕೂ ರೋಗಕ್ಕೂ ತಡೆಯುವ ಗುಣಗಳನ್ನು ಬದನೆಗೆ ತರಲು ತಳಿವಿಜ್ಞಾನಿಗಳು ಇಂದು ನೋಡುತ್ತಿರುವುದು ಇಂಥ ಕಾಡು ನಂಟರ ಕಡೆಗೇ. ಪೆರುವಿನ ಕಣಿವೆಯ ಗಿಡದಂತೆ ಇದೂ ಕಳೆಯೇ. ಇದರ ಕಡೆಗೂ ನಾವು ತಿರುಗಿ ನೋಡುವುದಿಲ್ಲ.

ಕಳೆ ಎಂಬ ಮಾತು ಗಿಡದ ಗುಣವನ್ನು ಹೇಳುವುದಿಲ್ಲ. ಅದು ನಮಗೆ ಸದ್ಯಕ್ಕೆ ಬೇಡವಾಗಿದೆ ಎಂಬುದನ್ನು ಮಾತ್ರ ಹೇಳುತ್ತದೆ. ರೈತನು ಹೊಲದ ಕಳೆ ಕೀಳದೆ ಬೇರೆ ದಾರಿಯಿಲ್ಲ. ಆದರೆ ಒಂದು ಬದುವಿನಲ್ಲಿ, ಒಂದು ಬೆಟ್ಟದ ಓರೆಯಲ್ಲಿ ಅದಕ್ಕೂ ಎಡೆ ಉಳಿಯಬೇಕು. ನಮ್ಮ ಕಾಲೇಜುಗಳ ಸಸ್ಯಸಂಗ್ರಹಗಳಲ್ಲಿ ಅದಕ್ಕೂ ಒಂದು ಹಾಳೆ, ಒಂದು ಸಂಖ್ಯೆ, ಊರಿನವರು ಕರೆಯುವ ಹೆಸರು ಇವು ದಾಖಲಾಗಬೇಕು. ಆಲೂಗಡ್ಡೆಯನ್ನು ಅರಸಿ ಹೊರಟ ಇಬ್ಬರು ದಾರಿಯಲ್ಲಿ ಒಂದು ಗಳಿಗೆ ನಿಂತು ಅಂಟುವ ಎಲೆಯ ಆ ಗಿಡಕ್ಕೆ 832 ಎಂದು ಬರೆದುಕೊಂಡರು. ಅವರು ಮಾಡಿದ್ದು ಅಷ್ಟೇ. ಅಷ್ಟನ್ನು ಮಾಡುವವರು ನಮ್ಮಲ್ಲಿಯೂ ಬೇಕು.

(ಬಾನುಲಿ ಭಾಷಣ)